ವಾಟ್ನಿ ಮಾಡುವ ಅವ್ವ

ಬನಹಟ್ಟಿಯ ಯಾವ ಓಣಿಗೆ ಹೋದರೂ ಈಕೆ ಸಿಗುತ್ತಾಳೆ. ರಬಕವಿಯಲ್ಲೂ ಇದ್ದಾಳೆ. ಜಮಖಂಡಿಯ ಬಸ್‌ಸ್ಟ್ಯಾಂಡಿನಲ್ಲಂತೂ ಒಮ್ಮೆಗೇ ನಾಲ್ಕೈದು ಜನ ಕಾಣುತ್ತಾರೆ. ಗುರುತು ಹಿಡಿಯುವುದು ಸುಲಭ. ಎಡಗೈಯಲ್ಲಿ ಒಬ್ಬ ಹುಡುಗನ ರಟ್ಟೆ, ಬಲಗೈಯಲ್ಲಿ ಇನ್ನೊಬ್ಬನ ರಟ್ಟೆ, ಹೆಗಲಿಗೆ ಚೀಲ, ಹಲ್ಲಿನ ನಡುವೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟು. ಬಾಯಿ ತೆರೆದರೆ ಟಿಕೆಟ್ಟು ಬೀಳುತ್ತದೆಂದು ಹುಬ್ಬಿನಲ್ಲೇ ಬೈಯುತ್ತಿರುತ್ತಾಳೆ. ‘ಎರಡೂ ಗಂಡು’ ಎಂದರೆ ಸಾಕು, ನಮ್ಮ ಕಡೆಯ ಹೆಂಗಸರು ‘ಅಯ್ಯ ಪಾಪ’ ಅಂದುಬಿಡುತ್ತಾರೆ. ಎರಡನೆಯದೂ ಗಂಡೇ ಹುಟ್ಟಿದಾಗ ಪೇಡೆ ತಿಂದು, ‘ಪುಣ್ಯಾ ಮಾಡಿ ಬಂದೀಯವಾ’ ಎಂದು ಕೆನ್ನೆ ಸವರಿ ಹೋದವರೂ ಇವರೇ.

ಅಡುಗೆ, ಬಟ್ಟೆ, ಮುಸುರಿ ಎಲ್ಲವೂ ಈಕೆಗೆ ಉಪಕಸುಬು. ಮುಖ್ಯ ಉದ್ಯೋಗ ವಾಟ್ನಿ. ಅಣ್ಣತಮ್ಮಂದಿರು ಹೊಲಮನೆ ಪಾಲು ಮಾಡಿಕೊಳ್ಳುತ್ತಾರಲ್ಲ, ಅದೇ ವಾಟ್ನಿ. ಮಂದಿಯ ಮನೆಯಲ್ಲಿ ಅದು ಆಯುಷ್ಯದಲ್ಲಿ ಒಮ್ಮೆ, ಹಿರಿಯರನ್ನು ಕೂಡಿಸಿ, ಸ್ಟಾಂಪ್ ಕಾಗದದ ಮೇಲೆ ಆಗುವಂಥದ್ದು. ಈಕೆಯ ಮನೆಯಲ್ಲಿ ಬೆಳಗಿನ ಆರೂವರೆಗೇ ಶುರು. ಮೊದಲನೆಯ ತಂಟೆ ಬಚ್ಚಲಮನೆಯದು: ಜಳಕಕ್ಕೆ ಯಾರು ಮೊದಲು? ಇಬ್ಬರಿಗೂ ಮೊದಲಾಗುವುದು ಬೇಡ. ಎರಡನೆಯದು ಹಾಸಿಗೆ ಮಡಚುವುದು, ಅಲ್ಲೂ ಅದೇ. ಮೂರನೆಯದು ಬಿಸ್ಕಿಟ್ಟು, ಅಲ್ಲಿ ಇಬ್ಬರಿಗೂ ಮೊದಲೇ ಬೇಕು. ಮುರಿದ ಬಿಸ್ಕಿಟ್ಟಿನ ಎರಡು ತುಂಡು ಸೇರಿದರೆ ಒಂದು ಪೂರ್ತಿ ಬಿಸ್ಕಿಟ್ಟಿಗೆ ಸಮ ಎಂದು ಇವರಿಬ್ಬರನ್ನು ಒಪ್ಪಿಸಿದ ಗಣಿತದ ಮಾಸ್ತರು ಇನ್ನೂ ಹುಟ್ಟಿಲ್ಲ.

ಹುಡುಗರ ಹೆಸರು ಹೇಳಬೇಕೆಂದರೆ ಅಲ್ಲೂ ಒಂದು ತೊಡಕಿದೆ. ದೊಡ್ಡವನಿಗೆ ತೀರಿಕೊಂಡ ಮಾವನವರ ಹೆಸರಿಟ್ಟಿದ್ದಾರೆ. ಮಾವನ ಹೆಸರನ್ನು ಸೊಸೆ ಬಾಯಲ್ಲಿ ತರುವಂತಿಲ್ಲ. ಶಾಲೆಯ ಪಟ್ಟಿಯಲ್ಲಿ, ರೇಶನ್ ಕಾರ್ಡಿನಲ್ಲಿ, ಆಧಾರಿನಲ್ಲಿ ಇರುವ ಹೆಸರು ಅವ್ವನ ಬಾಯಲ್ಲಿ ಮಾತ್ರ ಇಲ್ಲ. ಆಕೆಗೆ ಅವನು ‘ಅಪ್ಪಾಜಿ’. ಅಪ್ಪಾಜಿ ಎಂದಮೇಲೆ ಬಹುವಚನ ತಾನಾಗಿ ಬರುತ್ತದೆ. ‘ಅಪ್ಪಾಜೀ, ಒದಿಕಿ ಬೇಕೇನ್ರಿ?’ ಎಂದು ಮರ್ಯಾದೆಯಿಂದಲೇ ಕೇಳುತ್ತಾಳೆ. ಕೈ ಎತ್ತಿದಳೋ, ಕಟ್ಟೆಯ ಮೇಲೆ ಕುಳಿತ ಅತ್ತೆ ಶುರು ಹಚ್ಚುತ್ತಾಳೆ: ‘ಹೊಡಿ ತಾಯಿ, ಹೊಡಿ. ನನ್ನ ಗಂಡಗ ಹೊಡಿ. ಅವರಿದ್ದಾಗ ಎದುರು ನಿಂದ್ರಾಕ ನಿನಗ ಧೈರ್ಯ ಇರಲಿಲ್ಲ, ಈಗ ಚಡ್ಡಿ ಹಾಕ್ಕೊಂಡ ಬಂದಾರಂತ ಹೊಡಿ.’ ಎತ್ತಿದ ಕೈ ಹಾಗೇ ಇಳಿಯುವಂತಿಲ್ಲವಲ್ಲ, ಪಕ್ಕದಲ್ಲಿದ್ದ ಸಣ್ಣವನ ಬೆನ್ನಿನ ಮೇಲೆ ಇಳಿಯುತ್ತದೆ.

ಸಣ್ಣವನ ಹೆಸರು ಅವನ ಕಾಕಾ ಮೊಬೈಲಿನಲ್ಲಿ ಹುಡುಕಿ ತೆಗೆದದ್ದು, ಅದ್ವಿಕ್. ಅಜ್ಜಿಯ ನಾಲಗೆ ಅದಕ್ಕೆ ತಿರುಗದೆ ‘ಅದ್ಯಾಕ’ ಆಗಿದೆ. ‘ಅದ್ಯಾಕ, ಬಾ ಇಲ್ಲೆ’ ಎಂದರೆ ಅವನು ‘ಯಾಕ?’ ಅನ್ನುತ್ತಾನೆ, ಅಜ್ಜಿ ‘ಅದ್ಯಾಕಂದ್ರ ಯಾಕ ಅಂತಾನಲ್ಲವ್ವಾ’ ಅನ್ನುತ್ತಾಳೆ, ಅರ್ಧ ತಾಸು ಅಲ್ಲೇ ಹೋಗುತ್ತದೆ. ಇಂಗ್ಲಿಷ್ ಮೀಡಿಯಮ್ಮಿನ ಹುಡುಗ. ಸಮಾಧಾನವಿದ್ದಾಗ ಅವ್ವನಿಗೆ ‘ಮಮ್ಮಿ’ ಅನ್ನುತ್ತಾನೆ, ಏಟು ಬಿದ್ದಾಗ ಮಾತ್ರ ಅಪ್ಪಟ ಬನಹಟ್ಟಿಯ ‘ಯವ್ವಾ’. ಅಪ್ಪಾಜಿಯ ಪಾಲಿನ ಏಟೂ ತನಗೇ ಬಿತ್ತೆಂದು ಅವನು ಅಪೀಲು ಹೋಗುತ್ತಾನೆ. ಏಟಿನಲ್ಲೂ ಸಮಪಾಲು ಬೇಕು ತಾನೆ? ಅವ್ವ ದೊಡ್ಡವನ ಬಾಕಿಯನ್ನು ನೆನಪಿಟ್ಟು, ಸೋಮವಾರ ಅತ್ತೆ ಕಾಡಸಿದ್ಧೇಶ್ವರನ ಗುಡಿಗೆ ಹೋದ ಹೊತ್ತಿನಲ್ಲಿ ಚುಕ್ತಾ ಮಾಡುತ್ತಾಳೆ.

ಈಕೆಯ ದನಿಯ ಬಗ್ಗೆ ಹೊರಗಿನವರಿಗೆ ತಪ್ಪು ಕಲ್ಪನೆ ಇದೆ. ಅದು ಸಿಟ್ಟಲ್ಲ, ಮಗ್ಗ. ಮನೆಯ ಮುಂದಿನ ಪಡಸಾಲೆಯಲ್ಲಿ ಗಂಡನ ಎರಡು ಪಾವರ್‌ಲೂಮು ಹಗಲೂ ರಾತ್ರಿ ಖಟಖಟ ಅನ್ನುತ್ತಿರುತ್ತವೆ. ಎಡಬಲದ ಮನೆಗಳಲ್ಲೂ ಅದೇ. ರಬಕವಿ-ಬನಹಟ್ಟಿಯಲ್ಲಿ ಲಾಳಿಯ ಸದ್ದಿನ ಮೇಲೆ ಮಾತು ದಾಟಿಸಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ಮುಧೋಳದ ಈ ಹುಡುಗಿಯ ಮಾತು ಗಂಡನಿಗೆ ಕೇಳಿಸುತ್ತಲೇ ಇರಲಿಲ್ಲವಂತೆ. ಈಗ ಕೇಳಿಸದೇ ಇರುವುದು ಅವನ ಅಭ್ಯಾಸ. ಫಜೀತಿ ಆಗುವುದು ಕರೆಂಟು ಹೋದಾಗ. ಓಣಿಯ ಅಷ್ಟೂ ಮಗ್ಗ ಒಂದೇ ಕ್ಷಣಕ್ಕೆ ನಿಲ್ಲುತ್ತವೆ, ಈಕೆಯ ವಾಕ್ಯ ಮಾತ್ರ ನಡುವಿನಲ್ಲಿರುತ್ತದೆ. ಒಮ್ಮೆ ಹೀಗೇ ಊರೆಲ್ಲ ತಣ್ಣಗಾದ ಆ ಗಳಿಗೆಯಲ್ಲಿ, ‘ನಿಮ್ಮಪ್ಪನ ಬನೀನಿನ್ಯಾಗ ಗೋಟಿ ಕಟ್ಟಿ ಇಟ್ಟಾವ ಯಾವ ಮೂಳ?’ ಎಂಬ ಪ್ರಶ್ನೆ ಹತ್ತು ಮನೆ ಆಚೆಯ ಚಹಾದ ಅಂಗಡಿಯವರೆಗೆ ಸ್ವಚ್ಛವಾಗಿ ಮುಟ್ಟಿತು. ಅಲ್ಲಿ ಬರೀ ಅಂಗಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ ಗಂಡ ಗುಂಡಿಯನ್ನು ಕುತ್ತಿಗೆವರೆಗೆ ಹಾಕಿಕೊಂಡ.

ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರನ್ನು ಒಮ್ಮೆ ನೋಡಬೇಕು. ಬೇರೆ ಮನೆಯಲ್ಲಿ ಹಾಲಿನ ಲೆಕ್ಕ, ಗ್ಯಾಸು ಬಂದ ದಿನ ಬರೆದಿರುತ್ತಾರೆ. ಇಲ್ಲಿ ಅಮಾವಾಸ್ಯೆ, ಹುಣ್ಣಿಮೆ, ಏಕಾದಶಿಗಳ ಮೇಲೆಲ್ಲ ಪೆನ್ಸಿಲಿನಲ್ಲಿ ‘ದೊ’, ‘ಸ’ ಎಂದು ಬರೆದಿದೆ. ‘ದೊ ಕಿಡಕಿ’ ಎಂದರೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವತ್ತು ದೊಡ್ಡವ ಕುಳಿತಿದ್ದ. ‘ಸ ಕೆನಿ’ ಎಂದರೆ ಹಾಲಿನ ಕೆನೆ ಸಣ್ಣವನಿಗೆ ಹೋಗಿದೆ. ‘ದೊ ಬುಡ’ ಎಂದು ಬರೆದದ್ದು ನನಗೆ ತಿಳಿಯಲಿಲ್ಲ, ಕೇಳಿದೆ. ಕಬ್ಬಿನ ಲೆಕ್ಕವಂತೆ ಅದು.

ಕಾರ್ಖಾನೆ ಶುರುವಾದ ಮೇಲೆ, ದೀಪಾವಳಿ ದಾಟುತ್ತಲೂ, ಸಮೀರವಾಡಿಯ ಕಡೆಗೆ, ಹಿರೇಪಡಸಲಗಿಯ ಕಡೆಗೆ ಹೋಗುವ ಡಬಲ್ ಟ್ರೇಲರಿನ ಟ್ರ್ಯಾಕ್ಟರುಗಳು ನಮ್ಮ ರಸ್ತೆಯನ್ನು ಆಳುತ್ತವೆ. ಹಿಂದೆ ಓಡಿಹೋಗಿ ಒಂದು ಕಬ್ಬು ಜಗ್ಗದ ಗಂಡುಹುಡುಗ ಈ ಸೀಮೆಯಲ್ಲಿ ಬೆಳೆದದ್ದೇ ಸುಳ್ಳು. ಓಡುವವನು ದೊಡ್ಡವ, ಡ್ರೈವರು ಕನ್ನಡಿಯಲ್ಲಿ ನೋಡಿದನೋ ಇಲ್ಲವೋ ಎಂದು ಕಾಯುವವನು ಸಣ್ಣವ. ಕಬ್ಬು ಮನೆಗೆ ಬಂದಮೇಲೆ ಅವ್ವ ಮೊದಲು ಅದನ್ನು ತಂದದ್ದಕ್ಕೆ ಬೈದು, ಆಮೇಲೆ ಕುಡಗೋಲು ಹುಡುಕುತ್ತಾಳೆ. ನಡುವಿಗೆ ಸರಿಯಾಗಿ ಕಡಿದುಕೊಟ್ಟರೆ ಮುಗಿಯಿತಲ್ಲ ಎಂದು ಪಟ್ಟಣದವರು ಅಂದುಕೊಳ್ಳಬಹುದು. ಕಬ್ಬಿನ ಸಿಹಿಯೆಲ್ಲ ಬುಡದಲ್ಲಿ, ತುದಿ ಸಪ್ಪೆ. ಅಳತೆಯಲ್ಲಿ ಸಮ ಇದ್ದರೂ ರುಚಿಯಲ್ಲಿ ಮೋಸ. ಅದಕ್ಕೆ ಈಕೆ ಗಣಿಕೆ ಗಣಿಕೆಗೆ ಕಡಿದು, ಬುಡದಿಂದ ಒಂದು ದೊಡ್ಡವನಿಗೆ, ಮುಂದಿನದು ಸಣ್ಣವನಿಗೆ, ಹೀಗೆ ಸರತಿಯಲ್ಲಿ ಕೊಡುತ್ತಾಳೆ. ಹಾಗೆ ಕೊಟ್ಟರೂ ಮೊದಲನೆಯ ಗಣಿಕೆಯವನು ಒಂದು ಕೂದಲೆಳೆ ಮುಂದೆ. ಆದಕಾರಣ ಮುಂದಿನ ಕಬ್ಬಿನ ಬುಡ ಸಣ್ಣವನಿಗೆ, ಅದಕ್ಕೇ ಕ್ಯಾಲೆಂಡರಿನಲ್ಲಿ ದಾಖಲೆ.

ಕೃಷ್ಣೆಯ ನೀರನ್ನು ಮೂರು ರಾಜ್ಯಕ್ಕೆ ಹಂಚಲು 1969ರಲ್ಲಿ ಬಚಾವತ್ ನ್ಯಾಯಮಂಡಳಿ ಕೂತಿತು. 1973ರಲ್ಲಿ ವರದಿ ಕೊಟ್ಟಿತು, ಅಂತಿಮ ತೀರ್ಪು ಜಾರಿಗೆ ಬರುವಷ್ಟರಲ್ಲಿ 1976. ಇದ್ದ 2060 ಟಿಎಂಸಿಯಲ್ಲಿ ಮಹಾರಾಷ್ಟ್ರಕ್ಕೆ 560, ನಮಗೆ 700, ಆಂಧ್ರಕ್ಕೆ 800. ಸಾಲದೆಂದು 2004ರಲ್ಲಿ ಇನ್ನೊಂದು ನ್ಯಾಯಮಂಡಳಿ. ಈಕೆಗೆ ಅಷ್ಟು ಪುರುಸೊತ್ತಿಲ್ಲ, ಒಲೆಯ ಮೇಲೆ ರೊಟ್ಟಿ ಸೀಯುತ್ತಿರುತ್ತದೆ. ಐದು ಮಿರ್ಚಿ ಭಜಿ ತಟ್ಟೆಯಲ್ಲಿದ್ದರೆ ಎರಡು ಅವನಿಗೆ, ಎರಡು ಇವನಿಗೆ. ಐದನೆಯದರ ಮೇಲೆ ಇಬ್ಬರ ಕಣ್ಣು ಬೀಳುವ ಮೊದಲೇ ಅದು ಆಕೆಯ ಬಾಯಲ್ಲಿ. ಬಚಾವತ್ ಸಾಹೇಬರೂ ಹಂಚಿ ಉಳಿದ ನೀರನ್ನು ಆಂಧ್ರ ಬಳಸಿಕೊಳ್ಳಬಹುದು, ಹಕ್ಕು ಮಾತ್ರ ಹುಟ್ಟುವುದಿಲ್ಲ ಎಂದಿದ್ದರು. ಇಲ್ಲಿಯ ಕಾನೂನೂ ಅದೇ. ಬೆಸ ಸಂಖ್ಯೆಯಲ್ಲಿ ಬಂದ ಉಂಡಿ, ಭಜಿ, ಪೇಡೆಗಳ ಪರಿಣಾಮವಾಗಿ ಆಕೆಯ ಬಳೆಯ ಸೈಜು ಎರಡು ಸಲ ಬದಲಾಗಿದೆ.

ದೇವರೂ ಆಕೆಗೆ ಒತ್ತಾಸೆಯಾಗಿಲ್ಲ. ತೆಂಗಿನಕಾಯಿಯನ್ನು ಒಡೆದರೆ ಎರಡೇ ಹೋಳು, ಇಬ್ಬರು ಹುಡುಗರಿಗೆಂದೇ ಮಾಡಿದಂತಿದೆ. ಆದರೆ ಮೂರೂ ಕಣ್ಣನ್ನು ಒಂದೇ ಹೋಳಿಗೆ ಇಟ್ಟುಬಿಟ್ಟಿದ್ದಾನೆ. ಅಮಾವಾಸ್ಯೆಗೊಮ್ಮೆ ‘ಕಣ್ಣಿಂದು ನನಗ’ ಎಂಬ ಕೂಗು ಎದ್ದೇ ಏಳುತ್ತದೆ. ನಾಗರಪಂಚಮಿಯ ಕೊಬ್ಬರಿ ಬಟ್ಟಲಿಗೆ ಆಕೆ ಅಂಗಡಿಯವನ ಎದುರು ನಿಂತು ಎರಡು ಬಟ್ಟಲನ್ನು ಒಂದರ ಮೇಲೊಂದು ಬೋರಲು ಹಾಕಿ ಅಂಚಿಗೆ ಅಂಚು ಸರಿ ಕೂಡುತ್ತದೋ ನೋಡುತ್ತಾಳೆ. ದಾರವನ್ನೂ ಅಳೆದು ಕಟ್ಟುತ್ತಾಳೆ. ಸಂಜೆಯ ಹೊತ್ತಿಗೆ ಇಬ್ಬರೂ ತಿರುಗಿಸುವುದು ಬಿಟ್ಟು ಕಚ್ಚಿ ತಿಂದಿರುತ್ತಾರೆ, ಯಾರದು ಬೇಗ ಮುಗಿಯಿತು ಎಂಬುದರ ಮೇಲೆ ಹೊಸ ಜಗಳ.

ಜಮಖಂಡಿಗೆ ಹೋಗುವುದೆಂದರೆ ಗಂಡನ ಬೈಕು. ಮುಂದೆ ಟಾಕಿಯ ಮೇಲೆ ಒಬ್ಬ, ನಡುವೆ ಒಬ್ಬ, ಹಿಂದೆ ಆಕೆ. ಹೋಗುವಾಗ ಟಾಕಿ ದೊಡ್ಡವನದು, ಬರುವಾಗ ಸಣ್ಣವನದು. ಗಂಡ ಈ ಒಪ್ಪಂದದಲ್ಲಿ ತಲೆ ಹಾಕುವುದಿಲ್ಲ. ಏನು ಕೇಳಿದರೂ ‘ನಿಮ್ಮವ್ವನ್ನ ಕೇಳ್ರಿ’ ಎಂಬ ಎರಡು ಶಬ್ದದ ಮೇಲೆ ಸಂಸಾರ ನಡೆಸಿಕೊಂಡು ಬಂದವನು. ಊರು ಮುಟ್ಟಿದಾಗ ಆಕೆ ಬುದ್ಧಿ ಹೇಳುವ ಹುರುಪಿನಲ್ಲಿರುತ್ತಾಳೆ. ‘ನೋಡ್ರಿ, ತತ್ತ್ವಜ್ಞಾನಿ ರಾನಡೆಯವರು ಹುಟ್ಟಿದ್ದ ಊರಿದು. ನಮ್ಮ ಸಾವಳಗಿಯ ಜತ್ತಿಯವರು ಇಲ್ಲೇ ರಾಜಕೀಯ ಶುರು ಮಾಡಿ ಹಂಗಾಮಿ ರಾಷ್ಟ್ರಪತಿ ಆದ್ರು, 77ನೇ ಇಸವಿಯಾಗ.’

‘ಹಂಗಾಮಿ ಅಂದ್ರ?’ ಎಂದ ಸಣ್ಣವ.

‘ಅಂದ್ರ ಸ್ವಲ್ಪ ದಿವಸಕ್ಕ.’

‘ಉಳದ ದಿವಸ ಅವರ ತಮ್ಮ ಆಗಿದ್ನೇನ?’

ಆಕೆ ಬೈಕಿನ ಮೇಲಿದ್ದುದರಿಂದ ಉತ್ತರ ಕೊಡಲಿಲ್ಲ.

ಮುಧೋಳಕ್ಕೆ ತವರಿಗೆ ಹೋದಾಗ ಆದದ್ದು ಸ್ವಲ್ಪ ದೊಡ್ಡ ಪ್ರಕರಣ. ಅವರ ಮಾಮಾ ಬೇಟೆನಾಯಿ ಸಾಕಿದ್ದಾನೆ. ಘೋರ್ಪಡೆ ಸಂಸ್ಥಾನಿಕರ ಕಾಲದಿಂದ ಹೆಸರಾದ ತಳಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ಸೈನ್ಯಕ್ಕೂ ಹೋಯಿತು. ಉದ್ದ ಮೂತಿ, ಒಣಕಲು ಹೊಟ್ಟೆ, ಅಳಿಯಂದಿರನ್ನು ನೋಡಿದರೆ ಆ ನಾಯಿಯೂ ಮಂಚದ ಕೆಳಗೆ ಹೋಗುತ್ತದೆ. ಅದು ಮರಿ ಹಾಕಿದಾಗ ಮಾಮಾ ಪ್ರೀತಿಯಿಂದ, ‘ಅಕ್ಕಾ, ಒಂದು ಮರಿ ಒಯ್ಯಿ, ಹುಡುಗ್ರು ಆಡ್ತಾವ’ ಎಂದ. ಹುಡುಗರು ಕುಣಿದರು. ಅಕ್ಕ ಮಾತ್ರ ತಮ್ಮನನ್ನು ಒಳಗೆ ಕರೆದು, ‘ಒಂದು ಅಂತ ಯಾಕ ಅಂದಿ? ಅಂದ್ರ ಎರಡು ಅನ್ನು, ಇಲ್ಲಂದ್ರ ಸತ್ತುಹುಟ್ಟ್ಯಾವು ಅನ್ನು’ ಎಂದು ಹಲ್ಲು ಕಡಿದಳು. ಸರತಿಯ ಪ್ರಕಾರ ಒಂದು ದಿನ ಅವನದು, ಒಂದು ದಿನ ಇವನದು ಮಾಡಬಹುದಿತ್ತಲ್ಲ ಎಂದರೆ, ‘ಈ ಸರತಿ ನಾಯಿಗೆ ಯಾರು ತಿಳಿಸಿ ಹೇಳಬೇಕ್ರಿ? ಅದಕ್ಕ ಕ್ಯಾಲೆಂಡರ್ ಓದಾಕ ಬರ್ತೈತೇನು?’ ಎನ್ನುತ್ತಾಳೆ. ಮರಿ ಮುಧೋಳದಲ್ಲೇ ಉಳಿಯಿತು.

ಇಷ್ಟೆಲ್ಲ ಹೇಳಿದ ಮೇಲೆ ಆಕೆಗೆ ಹುಡುಗರ ಮೇಲೆ ಬೇಸರವೆಂದು ತಿಳಿದೀರಿ. ಬೀಳಗಿ ತಾಲ್ಲೂಕಿನ ನಾದಿನಿ ಹಾಗೆ ತಿಳಿದೇ ಕೆಟ್ಟಳು. ಅವಳ ಊರು ಆಲಮಟ್ಟಿಯ ಹಿನ್ನೀರಿಗೆ ಹೋಗಿ, ಈಗ ಮನೆ ಪುನರ್ವಸತಿ ಕೇಂದ್ರದಲ್ಲಿ. ಅಳೆದು ಹಾಕಿದ ಪ್ಲಾಟು, ನೆಟ್ಟಗಿನ ರಸ್ತೆ, ಮನೆಯಲ್ಲಿ ಇಬ್ಬರು ಹೆಣ್ಣುಹುಡುಗಿಯರು, ಇಟ್ಟಲ್ಲಿ ಇರುತ್ತಾರೆ. ಹಬ್ಬಕ್ಕೆ ಹೋದ ಈ ಜೋಡಿ ಮೊದಲ ದಿನವೇ ನೀರಿನ ಟಾಕಿಯ ಮುಚ್ಚಳ ಒಡೆದು, ಗೊಂಬೆಯ ಕೈ ಕಿತ್ತು, ಆಡಿನ ಮೇಲೆ ಸವಾರಿ ಮಾಡಿತು. ನಾದಿನಿ ನಕ್ಕುಕೊಂಡೇ, ‘ವೈನಿ, ನಿನ್ನ ಹುಡುಗ್ರು ಭಾಳ ಕಿಡಿಗೇಡಿ ಅದಾವ ಬಿಡು’ ಎಂದಳು. ಅದೇ ಬೆಳಿಗ್ಗೆ ಅವ್ವ ತನ್ನ ಬಾಯಿಂದಲೇ ಇಬ್ಬರ ಹೆಣ ಎತ್ತಿಸಿದ್ದಳು. ಆದರೆ ಈಗ ವಕೀಲಿಕೆ ಶುರುವಾಯಿತು. ಮುಚ್ಚಳ ಮೊದಲೇ ಸೀಳಿತ್ತು. ಗೊಂಬೆ ಚೀನಾದ ಮಾಲು. ಆಡು ತಾನೇ ಬಂದು ಕಾಲಿನ ನಡುವೆ ಹೊಕ್ಕಿತ್ತು. ಕೊನೆಗೆ, ‘ಗಂಡುಹುಡುಗ್ರು ಅಂದ್ರ ಹಂಗ ಇರೂದ, ನಿಮ್ಮಣ್ಣ ಸಣ್ಣಾವಿದ್ದಾಗ ಏನೇನು ಮಾಡ್ಯಾರಂತ ಅತ್ತಿಯವರ ಬಾಯಿಲೆ ಕೇಳೀನಿ’ ಎಂದು ಪ್ರಕರಣವನ್ನು ನಾದಿನಿಯ ತವರಿಗೇ ವರ್ಗಾಯಿಸಿದಳು.

ಇಷ್ಟು ತಲೆ ಕೆಡಿಸಿಕೊಳ್ಳುವ ಬದಲು ಎರಡು ಬಿಟ್ಟು ಸುಮ್ಮನಿರಬಾರದೇ ಎಂದು ಒಮ್ಮೆ ಕೇಳಿದ್ದಕ್ಕೆ ಆಕೆ ಹಿಟ್ಟಿನ ಕೈಯಲ್ಲೇ ಪಡಸಾಲೆಯ ಕಡೆ ತೋರಿಸಿದಳು. ಮಗ್ಗದ ಪಡಸಾಲೆಯ ನಡುವೆ ಒಂದು ಗೋಡೆ ಇದೆ. ಗಿಲಾಯಿ ಕಾಣದ ಇಟ್ಟಿಗೆ. ಗಂಡ ಮತ್ತು ಅವನ ಅಣ್ಣ ಬೇರೆಯಾದಾಗ ನಾಲ್ಕು ಮಗ್ಗ ಎರಡೆರಡಾದವು, ಸಲೀಸು. ಜಗಳ ಹತ್ತಿದ್ದು ಒಂದು ತಾಮ್ರದ ಹಂಡೆಯ ಮೇಲೆ. ಅದು ಈಗ ಇಬ್ಬರ ಮನೆಯಲ್ಲೂ ಇಲ್ಲ, ಮಾರಿ ರೊಕ್ಕ ಹಂಚಿಕೊಂಡರು. ಮಾತು ನಿಂತದ್ದು ಮಾತ್ರ ಹಾಗೇ ಇದೆ. ‘ಮೈಮ್ಯಾಲೆ ಗೊಬ್ಬರ ಎದ್ದಂಗ ಇದೂ. ಸಣ್ಣವರಿದ್ದಾಗ ಎದ್ದ ಹೋಗಬೇಕು, ದೊಡ್ಡವರಾದ ಮ್ಯಾಲ ಎದ್ರ ಜೀವಕ್ಕ ಬರ್ತೈತಿ. ಅದಕ್ಕ ಈಗ ಎಷ್ಟು ಬಡದಾಡ್ತಾರ ಬಡದಾಡ್ಲಿ, ನಾ ಅದೀನಿ’ ಎಂದು ರೊಟ್ಟಿ ಬಡಿಯತೊಡಗಿದಳು. ರಬಕವಿ, ಬನಹಟ್ಟಿ ಎರಡೂರಿಗೂ ಒಂದೇ ನಗರಸಭೆ. ಯಾವ ಆಫೀಸು ಯಾವ ಊರಿಗೆ ಎಂಬ ಮಾತು ಬಂದಾಗ ಈಕೆಯನ್ನು ಒಂದು ದಿನದ ಮಟ್ಟಿಗೆ ಕರೆಸಿಕೊಂಡರೆ ತಪ್ಪಿಲ್ಲ ಎಂದು ನನ್ನ ಅಭಿಪ್ರಾಯ.

ಇಂಥವರ ಮನೆಗೆ ಹೋಗುವವರಲ್ಲಿ ಒಂದು ವಿನಂತಿ. ಚೆಂಡಾಗಲಿ, ಪೀಪಿಯಾಗಲಿ, ಪೆನ್ನಾಗಲಿ, ಎರಡು ತೆಗೆದುಕೊಂಡು ಹೋಗಿ. ಬಣ್ಣವೂ ಒಂದೇ ಇರಲಿ. ‘ಇಬ್ಬರೂ ಕೂಡಿ ಆಡ್ರಪಾ’ ಎಂದು ಒಂದನ್ನು ಕೊಟ್ಟು, ಚಹಾ ಕುಡಿದು, ಬೈಕು ಹತ್ತಿ ಬರಬೇಡಿ.