ನಮ್ಮ ಕಡೆ ಎಲ್ಲಾ ಸರಿ ಇದೆ ಸಾರ್

ಸರ್ವರ್ ಸಿಗುತ್ತಿಲ್ಲ ಎಂದು ಯಾರಿಗಾದರೂ ಫೋನ್ ಮಾಡಿ ನೋಡಿ. ಇಂಟರ್ನೆಟ್ ಕೊಡುವವರು, ಸ್ವಿಚ್ ಕೂರಿಸಿದವರು, ಫೈರ್‌ವಾಲ್ ನೋಡಿಕೊಳ್ಳುವವರು, ಕೊನೆಗೆ ಕಟ್ಟಡದ ಎಲೆಕ್ಟ್ರಿಷಿಯನ್ ಕೂಡ ಹೇಳುವುದು ಒಂದೇ ಮಾತು: “ನಮ್ಮ ಕಡೆ ಎಲ್ಲಾ ಸರಿ ಇದೆ ಸಾರ್.” ಅವರು ಸುಳ್ಳು ಹೇಳುತ್ತಿಲ್ಲ ಎನ್ನುವುದೇ ನನ್ನ ಸಂಕಟ. ಎಲ್ಲರ ಕಡೆಯೂ ಸರಿ ಇದ್ದು, ನಡುವೆ ಯಾರ ಕಡೆಗೂ ಸೇರದ ಒಂದು ಜಾಗ ಇರುತ್ತದೆ. ನನಗೆ ಸಂಬಳ ಬರುವುದು ಆ ಜಾಗದಿಂದ.

ಮನುಷ್ಯರ ಸಹವಾಸ ಬೇಡ, ಯಂತ್ರವನ್ನೇ ಕೇಳೋಣ ಎಂದರೆ ಅದೂ ಅದೇ ಜಾತಿ. ಯುನಿಕ್ಸ್ ಸರ್ವರ್ ಮುಂದೆ ಕೂತು 127.0.0.1ಕ್ಕೆ ಪಿಂಗ್ ಕೊಡಿ, ಥಟ್ಟನೆ ಉತ್ತರ ಬರುತ್ತದೆ. ಬರದೆ ಏನು? ಅದು ಯಂತ್ರದ ಸ್ವಂತ ವಿಳಾಸ. ಕೇಬಲ್ ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದರೂ ತನಗೆ ತಾನೇ “ಚೆನ್ನಾಗಿದ್ದೀನಿ” ಎಂದು ಹೇಳಿಕೊಳ್ಳುತ್ತದೆ. ಹೊಸದಾಗಿ ಸೇರಿದ್ದ ಹುಡುಗನೊಬ್ಬ ಈ ಉತ್ತರದ ಫೋಟೋ ಲಗತ್ತಿಸಿ, ‘ನೆಟ್‌ವರ್ಕ್ ಓಕೆ’ ಎಂದು ಬರೆದು ಟಿಕೆಟ್ ಮುಚ್ಚಿಬಿಟ್ಟಿದ್ದ. ಈಗ ಅವನು ನನ್ನ ಮ್ಯಾನೇಜರ್.

ಹಾಗಂತ ಪಿಂಗನ್ನು ಬಯ್ಯಲು ಮನಸ್ಸು ಬರುವುದಿಲ್ಲ. ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್, 1983ರ ಡಿಸೆಂಬರ್‌ನಲ್ಲಿ ಅಲ್ಲಿನ ನೆಟ್‌ವರ್ಕ್ ಚಿತ್ರವಿಚಿತ್ರವಾಗಿ ಆಡುತ್ತಿದ್ದಾಗ ಒಂದೇ ಸಂಜೆ ಕೂತು ಬರೆದ ಪ್ರೋಗ್ರಾಂ ಅದು. ಮುಂದೆ ಆತನೇ ಒಂದು ಸ್ವಾರಸ್ಯ ಬರೆದಿಟ್ಟಿದ್ದಾನೆ. ಕೇಬಲ್ ಎಲ್ಲೋ ಸಡಿಲವಾಗಿದೆ, ಎಲ್ಲಿ ಎಂದು ಗೊತ್ತಿಲ್ಲ. ಒಬ್ಬ ಪುಣ್ಯಾತ್ಮ, ಪ್ರತಿ ಉತ್ತರ ಬಂದಾಗಲೂ ಕಂಪ್ಯೂಟರ್ “ಪಿಂಗ್, ಪಿಂಗ್” ಎಂದು ಸ್ಪೀಕರ್‌ನಲ್ಲಿ ಕೂಗುವ ಹಾಗೆ ಮಾಡಿ, ದನಿ ಏರಿಸಿ, ಕಟ್ಟಡವೆಲ್ಲ ಓಡಾಡುತ್ತ ಒಂದೊಂದೇ ಕನೆಕ್ಟರ್ ಅಲ್ಲಾಡಿಸಿದನಂತೆ. ಎಲ್ಲಿ ಕೂಗು ನಿಂತಿತೋ ಅಲ್ಲೇ ಕಳ್ಳ! ನಮ್ಮ ಆಫೀಸಿನಲ್ಲಿ ಹೀಗೆ ಮಾಡಿದರೆ ಕೇಬಲ್‌ಗಿಂತ ಮೊದಲು ಎಚ್‌ಆರ್‌ನವರು ಸಿಗುತ್ತಾರೆ.

ಪಿಂಗ್‌ಗೆ ಒಂದು ಮಿತಿ ಇದೆ. ಅಲ್ಲಿ ಯಾರೋ ಇದ್ದಾರೆ ಎಂದಷ್ಟೇ ಅದು ಹೇಳುತ್ತದೆ. ಯಾರು ಎಂದು ಹೇಳುವುದಿಲ್ಲ. ಇದು ನನಗೆ ಚೆನ್ನಾಗಿ ಮನದಟ್ಟಾದದ್ದು ಹೋದ ಮಳೆಗಾಲದಲ್ಲಿ, ಅಕೌಂಟ್ಸ್‌ನವರ ಲಿನಕ್ಸ್ ಸರ್ವರ್‌ಗೆ ಗ್ರಹಚಾರ ಕೆಟ್ಟಾಗ. ಒಬ್ಬರಿಗೆ ಸರ್ವರ್ ಸಿಗುತ್ತದೆ, ಪಕ್ಕದ ಕುರ್ಚಿಯವರಿಗೆ ಸಿಗುವುದಿಲ್ಲ. ಕಾಫಿ ಕುಡಿದು ಬರುವಷ್ಟರಲ್ಲಿ ಇವರಿಗೆ ಸಿಗುತ್ತದೆ, ಅವರಿಗೆ ಇಲ್ಲ. ಕಾಫಿಗೂ ಇದಕ್ಕೂ ಸಂಬಂಧವಿದೆ ಎಂದು ನಂಬಿದವರೂ ಇದ್ದರು. ನನ್ನ ಮೇಜಿನಿಂದ ಪಿಂಗ್ ಕೊಟ್ಟರೆ ಉತ್ತರ ನೀಟಾಗಿ ಬರುತ್ತಿದೆ. ಲಾಗಿನ್ ಆಗಲು ಎಸ್‌ಎಸ್‌ಎಚ್ ಮಾಡಿದರೆ ಮಾತ್ರ ‘ಕನೆಕ್ಷನ್ ರಿಫ್ಯೂಸ್ಡ್’.

ಈ ‘ರಿಫ್ಯೂಸ್ಡ್’ ಎನ್ನುವುದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ‘ಟೈಮ್ಡ್ ಔಟ್’ ಬಂದರೆ, ಬಾಗಿಲು ಬಡಿದು ಬಡಿದು ಕೈ ನೊಂದರೂ ಒಳಗಿನಿಂದ ಸದ್ದಿಲ್ಲ ಎಂದು ಅರ್ಥ. ‘ರಿಫ್ಯೂಸ್ಡ್’ ಬಂದರೆ, ಬಾಗಿಲು ತೆರೆದು “ಆ ಹೆಸರಿನವರು ಇಲ್ಲಿ ಇಲ್ಲಾರೀ” ಎಂದು ಯಾರೋ ಮುಖಕ್ಕೆ ಹೇಳಿದಂತೆ. ಸರ್ವರ್ ರೂಮಿಗೇ ಹೋಗಿ ನೋಡಿದರೆ ಎಸ್‌ಎಸ್‌ಎಚ್ ಆರಾಮಾಗಿ ಓಡುತ್ತಿದೆ, 22ನೇ ಪೋರ್ಟ್ ತೆರೆದೇ ಇದೆ. ಹಾಗಾದರೆ ನನ್ನನ್ನು ವಾಪಸ್ ಕಳಿಸಿದ ಮಹಾನುಭಾವ ಯಾರು?

ನೆಟ್‌ವರ್ಕ್‌ನ ಮಾತುಕತೆ ಕದ್ದು ಕೇಳುವ ಟಿಸಿಪಿಡಂಪ್ ಹಾಕಿ ಕೂತೆ. ಲೋಕಲ್ ನೆಟ್‌ವರ್ಕ್‌ನಲ್ಲಿ ಮಾತುಕತೆಗೆ ಮೊದಲು ಯಂತ್ರಗಳು ಎಆರ್‌ಪಿ ಎಂಬ ಪದ್ಧತಿಯಲ್ಲಿ ಕೂಗಿ ಕೇಳುತ್ತವೆ: 192.168.1.10 ಯಾರ ಹತ್ತಿರ ಇದೆ, 192.168.1.54ಕ್ಕೆ ತಿಳಿಸಿ. ಆ ವಿಳಾಸದ ಯಂತ್ರ ತನ್ನ ಮ್ಯಾಕ್ ಅಡ್ರೆಸ್ ಹೇಳುತ್ತದೆ. 1982ರಲ್ಲಿ ಡೇವಿಡ್ ಪ್ಲಮ್ಮರ್ ಬರೆದಿಟ್ಟ ಈ ನಿಯಮದಲ್ಲಿ ಆಧಾರ್ ಕಾರ್ಡ್ ಕೇಳುವ ಪದ್ಧತಿಯೇ ಇಲ್ಲ. “ನಾನೇ” ಎಂದವನೇ ಒಡೆಯ. ಪರದೆಯ ಮೇಲೆ ನೋಡುತ್ತೇನೆ, ಒಂದು ಪ್ರಶ್ನೆಗೆ ಎರಡು “ನಾನೇ”! ಒಂದು ನನ್ನ ಸರ್ವರ್‌ನದು. ಇನ್ನೊಂದು ಯಾವ ಊರಿನದೋ.

ಮ್ಯಾಕ್ ಅಡ್ರೆಸ್‌ನ ಮೊದಲರ್ಧ ತಯಾರಕರ ಗುರುತು, ಐಇಇಇ ಸಂಸ್ಥೆ ಹಂಚಿದ್ದು. ಹುಡುಕಿದರೆ ಕ್ಯಾಮೆರಾ ಕಂಪನಿಯೊಂದರ ಹೆಸರು ಬಂತು. ತಲೆ ಎತ್ತಿದೆ. ಸರ್ವರ್ ರೂಮಿನ ಮೂಲೆಯಲ್ಲಿ, ಸರ್ವರ್ ಕಡೆಗೇ ಮುಖ ಮಾಡಿಕೊಂಡು, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದ ಹೊಸ ಸಿಸಿಟಿವಿ. ಕಾವಲಿಗೆಂದು ಬಂದದ್ದು ಒಡೆಯನ ವಿಳಾಸವನ್ನೇ ಹಾಕಿಕೊಂಡು ಕೂತಿತ್ತು.

ಕ್ಯಾಮೆರಾ ಹಾಕಿದವನಿಗೆ ಫೋನ್ ಮಾಡಿದೆ.

“ನಮ್ಮ ಕಡೆ ಎಲ್ಲಾ ಸರಿ ಇದೆ ಸಾರ್, ಪಿಕ್ಚರ್ ಬರ್ತಾ ಇದೆ. ಆಗಾಗ ಕಟ್ ಆಗುತ್ತೆ, ಅದು ನಿಮ್ಮ ನೆಟ್‌ವರ್ಕ್ ಪ್ರಾಬ್ಲಂ.”

“ಆ ನಂಬರ್ ಯಾಕಪ್ಪಾ ಕೊಟ್ಟೆ?”

“ಸುಮ್ನೆ ಕೊಡ್ತೀನಾ ಸಾರ್? ಪಿಂಗ್ ಮಾಡಿ ನೋಡ್ದೆ. ಯಾರೂ ಉತ್ತರ ಕೊಡ್ಲಿಲ್ಲ. ಖಾಲಿ ಇದೆ ಅಂತ ಹಾಕ್ದೆ.”

ಅವನು ಬಂದದ್ದು ಭಾನುವಾರ. ಯುಪಿಎಸ್ ಬ್ಯಾಟರಿ ಬದಲಾಯಿಸಲೆಂದು ಅವತ್ತು ಸರ್ವರ್ ಆರಿಸಿದ್ದರು. ವಾದ ಮಾಡಲು ಅವನು ಜಾಗವನ್ನೇ ಉಳಿಸಿರಲಿಲ್ಲ.

ಕ್ಯಾಮೆರಾಕ್ಕೆ ಬೇರೆ ವಿಳಾಸ ಕೊಟ್ಟೆ, ಅಕೌಂಟ್ಸ್‌ನವರು ಲೆಕ್ಕಕ್ಕೆ ಮರಳಿದರು, ನಾನು ವರದಿ ಕಳಿಸಿದೆ. ಮ್ಯಾನೇಜರ್ ಸಾಹೇಬರು ಅದನ್ನು ಪೂರ್ತಿ ಓದಿದಂತೆ ಕಾಣುತ್ತದೆ, ಏಕೆಂದರೆ ಸಂಜೆಯೊಳಗೆ ಉತ್ತರ ಬಂತು. ಕ್ಯಾಮೆರಾ ಹಾಕುವಾಗ ಸರ್ವರ್ ರೂಮಿಗೆ ಯಾರ್‍ಯಾರು ಬಂದಿದ್ದರು ಎಂದು ತಿಳಿಯಲು, ಅದೇ ಕ್ಯಾಮೆರಾದ ಭಾನುವಾರ ಬೆಳಗಿನ ಫೂಟೇಜ್ ಬೇಕಂತೆ.