ಬೊಗ್ಗಿ ಯಾರ ನಾಯಿ?

ಬೀದಿನಾಯಿಗಳನ್ನೆಲ್ಲ ಹಿಡಿದು ಎಲ್ಲಿಗಾದರೂ ಸಾಗಿಸಬೇಕು ಅಂತೀರಲ್ಲ, ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ ಮಾರಾಯ್ರೇ. 2023ರ ಜೂನಿನಲ್ಲಿ ಪಕ್ಕದ ಕಣ್ಣೂರು ಜಿಲ್ಲೆಯ ಮುಳಪ್ಪಿಲಂಗಾಡಿನಲ್ಲಿ ನಾಯಿಗಳ ಹಿಂಡು ಒಬ್ಬ ಬಾಲಕನನ್ನು ಕೊಂದೇ ಹಾಕಿತು. ಆ ಸುದ್ದಿ ಓದಿದ ದಿನ ನನಗೂ ಅನ್ನ ಸೇರಲಿಲ್ಲ. ಆದರೂ ನಾಯಿಗಳ ಪರವಾಗಿ ಎರಡು ಮಾತು ಹೇಳದೆ ಇರಲಾರೆ.

ಬದಿಯಡ್ಕದ ಕಡೆ ನಮ್ಮ ಅಡಿಕೆ ತೋಟ ದಾಟಿದರೆ ಲಕ್ಷಂವೀಡು ಕಾಲನಿ. ಎಂ. ಎನ್. ಗೋವಿಂದನ್ ನಾಯರ್ ವಸತಿ ಮಂತ್ರಿಯಾಗಿದ್ದಾಗ, 1972ರಲ್ಲಿ, ಮನೆಯಿಲ್ಲದವರಿಗೆ ಲಕ್ಷ ಮನೆ ಕಟ್ಟಿಕೊಡಲು ಕೇರಳ ಸರಕಾರ ಹೊರಟ ಯೋಜನೆ ಅದು. ಎರಡು ಸಂಸಾರದ ನಡುವೆ ಒಂದೇ ಗೋಡೆ. ಈ ಕಡೆ ಮಗು ಅತ್ತರೆ ಆ ಕಡೆಯವರಿಗೆ ನಿದ್ದೆಯಿಲ್ಲ. ನಾನು ಚಿಕ್ಕವನಿದ್ದಾಗ ಅಲ್ಲಿನ ಗಂಡಸರು ಕೂಲಿಗೆ ಹೋದರೆ ಹೆಂಗಸರು ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ಅವರ ಕಾಲಬುಡದಲ್ಲಿ ಬೊಗ್ಗಿ, ಕಾಳ, ದಾಸು.

ಬೊಗ್ಗಿ ಯಾರ ನಾಯಿ ಅಂತ ಕೇಳಿದರೆ ಅಲ್ಲಿ ಯಾರೂ ನನ್ನದು ಅನ್ನುತ್ತಿರಲಿಲ್ಲ, ನನ್ನದಲ್ಲ ಅಂತಲೂ ಅನ್ನುತ್ತಿರಲಿಲ್ಲ. ಒಂದು ಮನೆಯಲ್ಲಿ ಗಂಜಿತಿಳಿ, ಇನ್ನೊಂದರಲ್ಲಿ ಬೂತಾಯಿ ತಲೆ, ಮತ್ತೊಂದರಲ್ಲಿ ಮಳೆಗಾಲಕ್ಕೆ ಮಲಗಲು ಗೋಣಿ. ತುಳು, ಮಲಯಾಳ, ಕನ್ನಡ, ಯಾವುದರಲ್ಲಿ ಕರೆದರೂ ಬಾಲ ಅಲ್ಲಾಡಿಸುತ್ತ ಬರುತ್ತಿದ್ದಳು. ಕಾಲನಿಗೆ ಹೋಗಬಾರದು ಅಂತ ನಮ್ಮ ಮನೆಯಲ್ಲಿ ಕಟ್ಟಪ್ಪಣೆ. ಬೊಗ್ಗಿ ಮರಿ ಹಾಕಿದಳು ಅಂತ ಗೊತ್ತಾದ ಮೇಲೆ ಆ ಅಪ್ಪಣೆ ನಡೆಯಲಿಲ್ಲ. ದೋಸೆ ಚಡ್ಡಿ ಕಿಸೆಗೆ ತುರುಕಿ ಓಡುತ್ತಿದ್ದೆ. ಮರಿ ಎತ್ತಿಕೊಳ್ಳಲು ಹೋದವನಿಗೆ ಅಲ್ಲಿನ ಮಕ್ಕಳು ಗೆಳೆಯರಾದರು, ಅವರ ಅಮ್ಮಂದಿರು ಜಗಲಿಯಲ್ಲಿ ಕೂರಿಸಿ ಚಾ ಕೊಟ್ಟರು. ಆ ಸ್ನೇಹ ಇವತ್ತಿಗೂ ಇದೆ.

ನಾಯಿಗೆ ಅನ್ನ ಹಾಕುವುದು ಈ ನೆಲಕ್ಕೆ ಹೊಸತಲ್ಲ. ಪರಶ್ಶಿನಿಕಡವಿನ ಮುತ್ತಪ್ಪನ ಸನ್ನಿಧಿಯಲ್ಲಿ ಪ್ರಸಾದ ಮೊದಲು ಸಲ್ಲುವುದು ನಾಯಿಗೇ. ಬೊಗ್ಗಿಗೆ ಹೊಟ್ಟೆಗಿತ್ತು, ಕಾಲನಿಯ ಪ್ರತಿಯೊಬ್ಬರ ಪರಿಚಯವಿತ್ತು. ಅವಳು ಯಾರನ್ನೂ ಕಚ್ಚಿದ್ದು ನಾನು ಕಾಣೆ. ಈಗ ಕೋಳಿ ಅಂಗಡಿಯ ಕಸ ಚೀಲದಲ್ಲಿ ಬಂದು ಮಾರ್ಗದ ಬದಿಗೆ ಬೀಳುತ್ತದೆ. ಅದರ ಸುತ್ತ ಬೆಳೆಯುವ ಹಿಂಡಿಗೆ ಮನುಷ್ಯರ ಗುರುತಿಲ್ಲ, ನಮಗೂ ಅವುಗಳ ಗುರುತಿಲ್ಲ.

ಹಾಗಂತ ಅವುಗಳನ್ನು ಸಾಗಿಸಿದರೆ ಖಾಲಿಯಾದ ಜಾಗಕ್ಕೆ ಲಸಿಕೆ ಕಾಣದ ಬೇರೆ ನಾಯಿಗಳು ಬರುತ್ತವೆ. ಅದಕ್ಕೇ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ನಾಯಿಗೆ ಶಸ್ತ್ರಕ್ರಿಯೆ ಮಾಡಿ, ರೇಬೀಸ್ ಲಸಿಕೆ ಕೊಟ್ಟು, ಹಿಡಿದಲ್ಲಿಗೇ ತಂದುಬಿಡಿ ಅನ್ನುತ್ತವೆ. ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರಂದು ಅದನ್ನೇ ಹೇಳಿತು. ರೇಬೀಸ್ ತಗಲಿದ, ಮೈಮೇಲೆ ಬೀಳುವ ನಾಯಿಗಳನ್ನು ಮಾತ್ರ ಬಿಡಬಾರದು, ಊಟ ಹಾಕಲು ಜಾಗ ಗುರುತಿಸಬೇಕು ಅಂದಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಲ್ಲಿರುವವನ್ನು ಆಶ್ರಯತಾಣಕ್ಕೆ ಸೇರಿಸಲು ಅದೇ ವರ್ಷದ ನವೆಂಬರಿನಲ್ಲಿ ಆದೇಶವೂ ಆಯಿತು. ಮಕ್ಕಳು, ರೋಗಿಗಳು ಓಡಾಡುವ ಜಾಗ, ಅದು ಸರಿಯೇ.

ಉಳಿದದ್ದು ನಮ್ಮ ಕೆಲಸ. ಲಸಿಕೆಯವರು ಬಂದಾಗ ನಾಯಿಯನ್ನು ಹಿಡಿದುಕೊಡಲು ಅದಕ್ಕೆ ಪರಿಚಯದ ಒಬ್ಬರು ಬೇಕು. ನಮ್ಮ ಓಣಿಯ ನಾಯಿಗಳಿಗೆ ನಾವಿಬ್ಬರು ಆ ಪರಿಚಯದವರಾಗೋಣ. ಕಸ ಹೊರಗೆ ಎಸೆಯದಂತೆ ನಾಲ್ಕು ಮನೆಗೆ ಹೇಳೋಣ. ಯಾರಿಗಾದರೂ ಕಚ್ಚಿದರೆ, ಬರೀ ಪರಚಿದರೂ ಸರಿ, ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಸರಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಇಷ್ಟನ್ನು ನಿಮ್ಮ ಮೊಮ್ಮಕ್ಕಳಿಗೂ ಹೇಳಿಕೊಡಿ.