ಇರುವಿಯ ಪಂಚಾಂಗ

ಹಿತ್ತಿಲ ಬೀಜದ ವಿಷಯದಲ್ಲಿ ಏಳುವ ಪ್ರಶ್ನೆಗಳು ಎರಡೇ: ಎಲ್ಲಿಡಬೇಕು, ಯಾವಾಗ ಊರಬೇಕು. ಹೊಲದ ಬೀಜಕ್ಕೆ ಇವುಗಳ ಜೊತೆ ರೊಕ್ಕದ ಪ್ರಶ್ನೆಯೂ ಸೇರುತ್ತದೆ. ಅದರ ಮಾತು ಮುಂದೆ ಬರುತ್ತದೆ. ಇಲ್ಲಿ ವಿವರಿಸಿರುವ ಅಧ್ಯಯನ ನಡೆದದ್ದು ರಾಯಚೂರು ಜಿಲ್ಲೆಯ ಅರಕೇರಾದಲ್ಲಿ, ಮೂರು ಹೊರಸು ಹಾಕಿದರೆ ತುಂಬಿಹೋಗುವಂಥ ಒಂದು ಹಿತ್ತಿಲಲ್ಲಿ. ಅಧ್ಯಯನಕಾರ ಒಬ್ಬನೇ. ಈ ಸಾಲುಗಳನ್ನು ಬರೆಯುತ್ತಿರುವವನೂ ಅವನೇ. ಆದ್ದರಿಂದ ಅವನ ಬಗ್ಗೆ ಹೇಳುವಾಗಲೆಲ್ಲ ದೂರದ ಸಂಬಂಧಿಕರ ಬಗ್ಗೆ ಹೇಳುವಷ್ಟು ಎಚ್ಚರ ವಹಿಸಲಾಗಿದೆ.

ಅರಕೇರಾ ಮೊದಲು ದೇವದುರ್ಗ ತಾಲ್ಲೂಕಿನ ಊರು, ಈಗ ತಾನೇ ಒಂದು ತಾಲ್ಲೂಕು. ಕೃಷ್ಣಾ ತುಂಗಭದ್ರೆಯರ ನಡುವಿನ ನಾಡು ಇದು. ಎರಡು ದೊಡ್ಡ ಹೊಳೆಗಳ ನಡುವೆ ಕುಳಿತೂ ಮಳೆಗಾಗಿ ಆಕಾಶ ನೋಡುವ ಪಾಡು ಈ ಸೀಮೆಯದು. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಹತ್ತಿದ ಹೊಲದಲ್ಲಿ ಭತ್ತ. ಹತ್ತದ ಕಡೆ ತೊಗರಿ, ಹತ್ತಿ, ಜೋಳ. ಕಾಲುವೆ ಹಿತ್ತಿಲುಗಳ ತನಕ ಬರುವುದಿಲ್ಲ. ಅಲ್ಲಿಗೆ ಬರುವುದು ನಳದ ನೀರು, ಅದೂ ಬಂದ ದಿನ ಮಾತ್ರ.

ಬೀಜ ಕಾಪಿಡುವ ಹಳೆಯ ಕ್ರಮ ಸರಳ. ತೊಗರಿಗೆ ಕೆಮ್ಮಣ್ಣು ಕಲಸಿ ಒಣಗಿಸುವುದು, ಅಲಸಂದಿಗೆ ಬೂದಿ ಬೆರೆಸುವುದು, ಜೋಳದ ನಡುವೆ ಬೇವಿನೆಲೆ ಹಾಕುವುದು, ಹೀರೆ ಸೋರೆಗಳನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು ಕಾಯಿಯ ಸಮೇತ ಒಲೆಯ ಮೇಲಿನ ಗೂಟಕ್ಕೆ ನೇತುಹಾಕುವುದು. ಬೂದಿ ಕಾಳುಗಳ ಸಂದು ತುಂಬಿ ಹುಳಕ್ಕೆ ಓಡಾಡಲು ದಾರಿ ಬಿಡುವುದಿಲ್ಲ; ಹುಳದ ಮೈಮೇಲಿನ ಮೇಣದ ಪದರವನ್ನು ಕೆರೆದು ಅದನ್ನು ಒಣಗಿಸಿಯೂ ಬಿಡುತ್ತದೆ. ಒಲೆಯ ಕಾವು ತೇವ ಎಳೆಯುತ್ತದೆ, ಹೊಗೆ ಹುಳವನ್ನು ದೂರವಿಡುತ್ತದೆ. ಇಷ್ಟಕ್ಕೆ ಡಬ್ಬಿ ಬೇಡ, ಚೀಟಿ ಬೇಡ, ಓದುಬರಹವೂ ಬೇಡ. ಅಧ್ಯಯನಕಾರನಿಗೆ ಓದುಬರಹ ಬರುತ್ತಿತ್ತು. ತೊಡಕು ಶುರುವಾದದ್ದು ಅಲ್ಲಿಂದ.

ಬೀಜವಿಜ್ಞಾನದಲ್ಲಿ ಹ್ಯಾರಿಂಗ್ಟನ್ ಎಂಬುವರ ಹೆಸರಿನ ಒಂದು ಲೆಕ್ಕವಿದೆ. ಬೀಜದೊಳಗಿನ ತೇವ ಶೇ. 1ರಷ್ಟು ಇಳಿದರೆ ಅದರ ಆಯುಷ್ಯ ಇಮ್ಮಡಿ. ಇಟ್ಟ ಜಾಗದ ಬಿಸಿ 5 ಡಿಗ್ರಿ ಸೆಲ್ಸಿಯಸ್ ಇಳಿದರೆ ಮತ್ತೆ ಇಮ್ಮಡಿ. ಇದರ ಬೆನ್ನಿಗೇ ಇನ್ನೊಂದು ಸೂತ್ರವಿದೆ: ಕೋಣೆಯ ಬಿಸಿಯನ್ನು ಫ್ಯಾರನ್‌ಹೀಟಿನಲ್ಲಿ ಅಳೆದು, ಗಾಳಿಯ ತೇವದ ಶೇಕಡಾವಾರನ್ನು ಅದಕ್ಕೆ ಕೂಡಿಸಿದರೆ ಮೊತ್ತ 100 ದಾಟಬಾರದು. ರಾಯಚೂರು ಸೀಮೆಯಲ್ಲಿ ಏಪ್ರಿಲ್ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ವಾಡಿಕೆ. 40 ಡಿಗ್ರಿ ಎಂದರೆ 104 ಫ್ಯಾರನ್‌ಹೀಟ್. ತೇವ ಲೆಕ್ಕಕ್ಕೆ ಬಂದು ಸೇರುವ ಮೊದಲೇ ಮೊತ್ತ ನೂರು ದಾಟಿರುತ್ತದೆ. ಹೀಗಾಗಿ ಅರಕೇರಾದಲ್ಲಿ ಬೀಜಕ್ಕೆ ಯೋಗ್ಯವಾದ ಸ್ಥಳ ಒಂದೇ, ಫ್ರಿಜ್ಜು. ಫ್ರಿಜ್ಜಿನ ಒಡೆತನ ಮನೆಯಾಕೆಯದು.

ಇನ್ನು ವರ್ಗೀಕರಣ. ಮೊದಲ ವರ್ಷ ಬೀಜಗಳನ್ನು ಅಕಾರಾದಿಯಾಗಿ ಜೋಡಿಸಲಾಯಿತು. ಬದನೆ ಎನ್ನುವುದೋ ಮುಳಗಾಯಿ ಎನ್ನುವುದೋ ತೀರ್ಮಾನವಾಗದೆ ಒಂದೇ ಬೀಜ ಎರಡು ಕಡೆ ಉಳಿಯಿತು. ಎರಡನೆಯ ವರ್ಷ ಆಯುಷ್ಯದ ಪ್ರಕಾರ: ಉಳ್ಳಾಗಡ್ಡಿ ಬೀಜ ಒಂದು ವರ್ಷ ಕಳೆದರೆ ಸೊರಗುತ್ತದೆ, ಟೊಮ್ಯಾಟೊ ಬದನೆ ಮೂರು ನಾಲ್ಕು ವರ್ಷ ತಾಳುತ್ತವೆ, ಸೌತೆ ಕುಂಬಳದ ಬಳಗ ಇನ್ನೂ ಗಟ್ಟಿ. ಕ್ರಮ ಚೆನ್ನಾಗಿಯೇ ಇತ್ತು. ಆದರೆ ಯಾವ ಬೀಜ ಯಾವ ವರ್ಷದ್ದು ಎಂದು ಬರೆದಿಡಬೇಕಿತ್ತು. ಬರೆದ ಚೀಟಿಗಳು ಎಲ್ಲಿವೆ ಎಂದು ಇನ್ನೊಂದು ಚೀಟಿಯಲ್ಲಿ ಬರೆದಿಡಬೇಕಿತ್ತು.

ಮೂರನೆಯ ವರ್ಷ ರಾಯಚೂರಿನ ಪೇಟೆಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಕಣ್ಣಿಗೆ ಬಿತ್ತು. ಮಣಿ, ಗುಂಡಿ ಇಡಲು ಮಾಡಿದ್ದು. ಒಳಗೆ 28 ಖಾನೆ. ನಕ್ಷತ್ರ 27, ಪಂಚಾಂಗದವರು ಆಗೀಗ ಎಣಿಸುವ ಅಭಿಜಿತ್ ಸೇರಿದರೆ 28. ಡಬ್ಬಿ ತಯಾರಿಸಿದವರಿಗೆ ಗೊತ್ತಿಲ್ಲದೆ ಖಗೋಳವೇ ಅಲ್ಲಿ ಅಚ್ಚಾಗಿ ನಿಂತಿತ್ತು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮಿರಗ, 22ಕ್ಕೆ ಆರಿದ್ರ. ಯಾವ ಮಳೆಗೆ ಊರಬೇಕೋ ಆ ಖಾನೆಗೆ ಆ ಬೀಜ ಸೇರಿತು. ಮಿರಗಕ್ಕೆ ಬಿಳಿ ಎಳ್ಳು, ಬೆಂಡೆ, ಹೀರೆ. ಉತ್ತರಿಗೆ ಮೆಂತ್ಯ, ಸಬ್ಬಸಗಿ. ಮಳೆಯಿಲ್ಲದ ಚಳಿಗಾಲದ ನಕ್ಷತ್ರಗಳು ಖಾಲಿ ಉಳಿದಾಗ, ಮೂಲಾ ಖಾನೆಗೆ ಹೆಸರಿನ ಹೊಂದಾಣಿಕೆ ನೋಡಿ ಮೂಲಂಗಿ ಬೀಜ ಹಾಕಲಾಯಿತು. ಅಭಿಜಿತ್ ಖಾನೆಯಲ್ಲಿ ಸಾಲದ ಲೆಕ್ಕದ ಚೀಟಿ ಇತ್ತು.

ಸಾಲದ ಲೆಕ್ಕ ಎಂದರೆ ಬೀಜ ಒಯ್ದವರ ಪಟ್ಟಿ. ಓಣಿಯಲ್ಲಿ ಬೀಜ ಕೇಳುವವರು ಸಕ್ಕರೆ ಕೇಳುವವರಂತಲ್ಲ. ಸಕ್ಕರೆ ಒಯ್ದವರು ಹಬ್ಬಕ್ಕಾದರೂ ನೆನೆಸಿಕೊಳ್ಳುತ್ತಾರೆ. ಬೀಜ ಒಯ್ದವರು ಕಾಯಿ ಬಿಟ್ಟಾಗಲೂ ನೆನೆಸಿಕೊಳ್ಳುವುದಿಲ್ಲ. ಎದುರು ಮನೆಯ ಆಯಿಯ ಹೆಸರಿನ ಮುಂದೆ ‘ಹೀರೆ 6, ಬಾಕಿ’ ಎಂದಿತ್ತು. ಪಟ್ಟಿಯಲ್ಲಿ ಒಂಬತ್ತು ಮನೆ. ಬಡ್ಡಿ ಹಾಕಿರಲಿಲ್ಲ. ಅದು ಅಧ್ಯಯನಕಾರನ ದೊಡ್ಡತನ.

ಡಬ್ಬಿ ಫ್ರಿಜ್ಜಿನಲ್ಲಿ ಎರಡು ತಿಂಗಳು ಬಾಳಿತು. ಮೇ ತಿಂಗಳ ಒಂದು ಮಧ್ಯಾಹ್ನ ‘ರೀ, ನಿಮ್ಮ ನಕ್ಷತ್ರಗಳ್ನ ಹೊರಗಿಡ್ರಿ, ಹಾಲಿಗೆ ಜಾಗ ಇಲ್ಲ’ ಎಂಬ ಆಜ್ಞೆಯಾಗಿ, ಅಡುಗೆಮನೆಯ ಕಿಟಕಿ ಪಕ್ಕದ ಗೂಡಿಗೆ ಬಂತು. ಮುಂದಿನ ಘಟನೆಗೆ ಈ ಸ್ಥಳಾಂತರ ಮುಖ್ಯ.

ಊರುವ ಹೊತ್ತನ್ನು ಪಂಚಾಂಗವೊಂದೇ ಹೇಳಲಾರದು. ಪ್ರತಿ ಮಳೆಗೂ ಕತ್ತೆ, ಕಪ್ಪೆ, ಆನೆ, ನರಿ ಎಂದು ವಾಹನ ಕೊಟ್ಟಿರುತ್ತಾರೆ; ವಾಹನ ಹೊರಟಿದೆ ಎಂದ ಮಾತ್ರಕ್ಕೆ ಸವಾರ ಬಂದ ಎಂದಲ್ಲ. ಅದಲ್ಲದೆ ಸೂರ್ಯ ನಕ್ಷತ್ರ ಹೊಗುವ ದಿನ ಋತುವಿನ ಲೆಕ್ಕಕ್ಕೆ ಸುಮಾರು 71 ವರ್ಷಕ್ಕೊಂದು ದಿನದಂತೆ ಮುಂದಕ್ಕೆ ಜಾರುತ್ತದೆ. ಆರನೆಯ ಶತಮಾನದ ವರಾಹಮಿಹಿರನ ಕಾಲದಿಂದ ಈವರೆಗೆ ಜಾರಿರುವುದು ಹತ್ತಿರಹತ್ತಿರ ಮೂರು ವಾರ. ಗಿಡಕ್ಕೂ ಹುಳಕ್ಕೂ ಈ ತೊಂದರೆಯಿಲ್ಲ. ಅವು ಆ ವರ್ಷದ ಕಾವನ್ನೂ ತೇವವನ್ನೂ ಮೈಯಿಂದಲೇ ಓದುತ್ತವೆ. ಇವುಗಳ ದಿನಚರಿ ಬರೆದಿಡುವುದೇ ಒಂದು ವಿದ್ಯೆ. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂ ಅರಳಿದ ದಿನಗಳ ದಾಖಲೆ ಒಂಬತ್ತನೆಯ ಶತಮಾನದಿಂದ ಸಿಗುತ್ತದೆ. ಇಂಗ್ಲೆಂಡಿನ ರಾಬರ್ಟ್ ಮಾರ್ಷಮ್ 1736ರಲ್ಲಿ ವಸಂತದ ಗುರುತುಗಳನ್ನು ಬರೆಯತೊಡಗಿದ. ಅವನ ವಂಶದವರು 1958ರವರೆಗೆ ಮುಂದುವರಿಸಿದರು. ಅರಕೇರಾದ ದಾಖಲೆ ಸದ್ಯಕ್ಕೆ ಹನ್ನೊಂದು ದಿನದ್ದು.

ಈ ಸೀಮೆಯ ಗುರುತುಗಳು ಹೀಗಿವೆ. ಯುಗಾದಿಗೆ ಬೇವು ಹೂ ಬಿಡುತ್ತದೆ. ಬೇಸಿಗೆಯಲ್ಲಿ ಕಕ್ಕೆ ಗಿಡ ಹಳದಿ ಗೊಂಚಲು ಇಳಿಬಿಡುತ್ತದೆ. ಆಫ್ರಿಕದ ಕಡೆಯಿಂದ ಚಾತಕ ಮುಂಗಾರಿನ ಗಾಳಿಗೆ ಸ್ವಲ್ಪ ಮುಂಚೆ ಬರುತ್ತದೆ. ಕಾರಹುಣ್ಣಿಮೆಯ ಕರಿ ಹರಿಯುವಾಗ ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ ಚಲೋ, ಕೆಂದೆತ್ತು ಮುಂದೆ ಬಂದರೆ ಮುಂಗಾರಿ ಚಲೋ ಎನ್ನುತ್ತಾರೆ. ಬೆಂಡೆಕಾಯಿಯ ಬಗ್ಗೆ ಎತ್ತುಗಳಿಗೆ ಅಭಿಪ್ರಾಯವಿಲ್ಲ. ಮೊದಲ ಹದಮಳೆಗೆ ಮಖಮಲ್ಲಿನಂಥ ಕೆಂಪು ಹುಳ ನೆಲದಿಂದ ಏಳುತ್ತದೆ. ಎಂಟು ಕಾಲಿನ ಇದು ಜೇಡದ ಬಳಗದ್ದು. ವರ್ಷದ ಹೆಚ್ಚು ಕಾಲ ಮಣ್ಣೊಳಗೇ ಇರುತ್ತದೆ. ಮರಾಠಿಯವರು ಇದನ್ನು ಮಿರಗದ ಹುಳ ಎನ್ನುತ್ತಾರೆ, ತೆಲುಗರು ಆರಿದ್ರದ ಹುಳ ಎನ್ನುತ್ತಾರೆ. ಎರಡಕ್ಕೂ ಹದಿನಾಲ್ಕು ದಿನದ ಅಂತರ. ಎರಡೂ ಭಾಷೆಗಳ ಗಾಳಿ ಬೀಸುವ ರಾಯಚೂರಿನಲ್ಲಿ ಆ ಹುಳ ಯಾರ ಮಾತು ಕೇಳಬೇಕು ಎಂಬುದು ಇತ್ಯರ್ಥವಾಗಿಲ್ಲ. ಕೊನೆಯದಾಗಿ ಇರುವೆ. ಇರುವೆಗಳು ಬಾಯಲ್ಲಿ ಬಿಳಿ ತತ್ತಿ ಹಿಡಿದು ಸಾಲಾಗಿ ಹೊರಟರೆ ಮಳೆ ಹತ್ತಿರ ಎನ್ನುವುದು ಎಲ್ಲರೂ ಬಲ್ಲ ಮಾತು. ತತ್ತಿ ಎನ್ನುವುದು ಬಹುಪಾಲು ಮರಿಹುಳ ಇಲ್ಲವೆ ಕೋಶ. ಗೂಡಿನ ತೇವ ಬದಲಾದರೆ ಇರುವೆಗಳು ಅವುಗಳ ಸ್ಥಳ ಬದಲಿಸುತ್ತವೆ.

ರೋಹಿಣಿ ಕೂಡಿದ ಮೂರನೆಯ ದಿನ, ಮುಂಜಾನೆ ಎಂಟಕ್ಕೆ, ಬಚ್ಚಲಗೋಡೆಯ ಬುಡದಲ್ಲಿ ಇಂಥದೊಂದು ಸಾಲು ಕಾಣಿಸಿತು. ಸಣ್ಣ ಕರಿ ಇರುವೆಗಳು. ಪ್ರತಿಯೊಂದರ ಬಾಯಲ್ಲೂ ಒಂದು ಬಿಳಿ ವಸ್ತು. ಸಾಲು ಗೋಡೆಗುಂಟ ಬಂದು, ಒಡೆದ ಕೊಡದ ಚೂರು ಸುತ್ತಿ, ಬೇವಿನ ಗಿಡದ ಬುಡದ ತೂತಿನಲ್ಲಿ ಇಳಿಯುತ್ತಿತ್ತು. ಅಧ್ಯಯನಕಾರ ಭೂತಗನ್ನಡಿ ತಂದು ನೆಲಕ್ಕೆ ಬೋರಲು ಬಿದ್ದ. ಭೂತಗನ್ನಡಿಯ ಗುಣದಿಂದ ಬಿಸಿಲು ಒಂದು ಇರುವೆಯ ಮೇಲೆ ಕೇಂದ್ರೀಕೃತವಾಗಿ, ಅದು ಹೊರೆ ಬಿಟ್ಟು ಓಡಿತು. ಆ ತಪ್ಪಿಗೆ ಅಂಗೈ ಅಡ್ಡ ಹಿಡಿದು ನೆರಳು ಮಾಡಲಾಯಿತು. ಎಣಿಕೆ ನಡೆಯಿತು. ನಿಮಿಷಕ್ಕೆ 41. ಮರು ಎಣಿಕೆಯಲ್ಲಿ 38, ನಡುವೆ ಒಂದು ಸೀನು ಬಂದದ್ದರಿಂದ. ಇಷ್ಟು ವೇಗದಲ್ಲಿ ಒಂದು ಊರೇ ಮಕ್ಕಳನ್ನು ಎತ್ತಿಕೊಂಡು ಹೊರಟಿದೆ ಎಂದರೆ ಬರಲಿರುವುದು ಸಣ್ಣ ಮಳೆಯಲ್ಲ.

ವಿಷಯವನ್ನು ಗುಟ್ಟಾಗಿಡುವುದು ವಿಜ್ಞಾನಕ್ಕೆ ತಕ್ಕುದಲ್ಲ. ಅಧ್ಯಯನಕಾರ ಅಂಗಿಗೆ ಮೆತ್ತಿದ ಮಣ್ಣನ್ನೂ ಕೊಡವದೆ ಓಣಿಯಲ್ಲಿ ಸಾರಿಬಂದ. ಮಾಳಿಗೆಯ ಮೇಲೆ ಸಂಡಿಗೆ ಹರವಿದವರು ತೆಗೆದಿಟ್ಟರು. ಒಬ್ಬರು ಒಣಮೆಣಸಿನಕಾಯಿ ಒಳಗೆ ತಂದು ಮನೆಮಂದಿಯೆಲ್ಲ ಸಂಜೆಯವರೆಗೆ ಕೆಮ್ಮಿದರು. ಮಧ್ಯಾಹ್ನ ಹಿತ್ತಿಲು ಅಗೆದು, ಮಿರಗದ ಖಾನೆಯನ್ನು ರೋಹಿಣಿಯಲ್ಲೇ ತೆರೆದು, ಬೆಂಡೆ ಮತ್ತು ಹೀರೆ ಊರಿದ್ದಾಯಿತು. ಎಳ್ಳಿನ ಖಾನೆಯಲ್ಲಿ ಕಾಳು ಕಡಿಮೆ ಅನ್ನಿಸಿತು. ಪಟ್ಟಿ ತೆಗೆದು ಯಾರು ಒಯ್ದರು ಎಂದು ನೋಡಲಾಯಿತು. ಒಂದು ಮನೆಯ ಮೇಲೆ ಗುಮಾನಿ ಬಂದು, ಹೆಸರಿನ ಮುಂದೆ ಸಣ್ಣದೊಂದು ಚುಕ್ಕೆ ಇಡಲಾಯಿತು.

ಮಳೆ ಬರಲಿಲ್ಲ. ಮರುದಿನ ಮೋಡವೂ ಬರಲಿಲ್ಲ. ಸಂಡಿಗೆಯವರು ಮಾಳಿಗೆಯಿಂದಲೇ ‘ಏನಂತಾವರೀ ನಿಮ್ಮ ಇರುವಿ?’ ಎಂದು ವಿಚಾರಿಸತೊಡಗಿದರು. ಇರುವೆಗಳು ಮಾತ್ರ ನಿಮಿಷಕ್ಕೆ 40ರಂತೆ ನಡೆದೇ ಇದ್ದವು. ಸಾಲು ಎಲ್ಲಿಗೆ ಹೋಗುತ್ತದೆ ಎಂದಷ್ಟೇ ನೋಡಿದ್ದಾಗಿತ್ತು. ಎಲ್ಲಿಂದ ಬರುತ್ತದೆ ಎಂದು ನೋಡಲು ಮೂರನೆಯ ದಿನ ಹೊಳೆಯಿತು. ಬಚ್ಚಲಗೋಡೆ ಹಿಡಿದು ಹಿಂದಕ್ಕೆ ಹೋದರೆ ಸಾಲು ಗೋಡೆ ಏರಿತು, ಕಿಟಕಿಯ ಸರಳು ದಾಟಿತು, ಗೂಡಿಗೆ ಇಳಿಯಿತು, 28 ಖಾನೆಯ ಡಬ್ಬಿಯ ಮುಚ್ಚಳದ ಸೀಳಿನಲ್ಲಿ ಮಾಯವಾಯಿತು. ಮುಚ್ಚಳ ತೆರೆದಾಗ ಮಿರಗದ ಖಾನೆಯಲ್ಲಿ ಎಂಟು ಎಳ್ಳು ಉಳಿದಿದ್ದವು. ನೋಡುತ್ತಿದ್ದಂತೆ ಏಳಾದವು.

ಪಕ್ಕದ ಖಾನೆಯ ಮೆಣಸಿನಬೀಜವನ್ನು ಇರುವೆಗಳು ಮುಟ್ಟಿರಲಿಲ್ಲ. ಬಹುಶಃ ಚೀಟಿ ಓದಿಕೊಂಡಿದ್ದವು. ಬೀಜ ಕೂಡಿಡುವ ಇರುವೆಗಳು ನಮ್ಮ ನಾಡಿಗೆ ಹೊಸದಲ್ಲ. ಸೈಕ್ಸ್ ಎಂಬ ಸೇನಾಧಿಕಾರಿ ಪುಣೆಯಲ್ಲಿ ಇಂಥ ಇರುವೆಗಳನ್ನು ಗಮನಿಸಿ 1835ರಲ್ಲಿ ಬರೆದಿದ್ದಾನೆ. ನೆನೆದ ಬೀಜವನ್ನು ಅವು ಮಳೆ ನಿಂತ ಮೇಲೆ ಹೊರತಂದು ಬಿಸಿಲಿಗೆ ಹರವಿ, ಒಣಗಿದ ಮೇಲೆ ಮತ್ತೆ ಒಳಗೊಯ್ಯುತ್ತವೆ. ಮುಂದಾಲೋಚನೆಯುಳ್ಳದ್ದು ಎಂಬ ಅರ್ಥದ ಲ್ಯಾಟಿನ್ ಹೆಸರನ್ನೇ ಅವನು ಆ ಜಾತಿಗೆ ಇಟ್ಟ. ತೇವ, ಬಿಸಿ, ಜೋಡಣೆ ಮೂರೂ ಅಲ್ಲಿ ಸರಿಯಾಗಿವೆ, ಫ್ರಿಜ್ಜಿಲ್ಲದೆ. ಗುಮಾನಿಯ ಚುಕ್ಕೆಯನ್ನು ರಬ್ಬರಿನಿಂದ ಅಳಿಸಲಾಯಿತು. ಗುರುತು ಹೋಗಲಿಲ್ಲ.

ನಿಜವಾದ ಮಳೆ ಮಿರಗ ಕೂಡಿದ ಎಂಟನೆಯ ದಿನ ಬಂತು. ಅಷ್ಟರಲ್ಲಿ ನಳದ ನೀರಿಗೆ ಮೊಳೆತಿದ್ದ ಬೆಂಡೆ ಒಣಗಿ ಕಡ್ಡಿಯಾಗಿತ್ತು, ಹೀರೆ ಮೊಳೆತೇ ಇರಲಿಲ್ಲ. ಡಬ್ಬಿಯಲ್ಲಿ ಉಳಿದದ್ದನ್ನು ಪರೀಕ್ಷಿಸಲು ಹತ್ತು ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಲಾಯಿತು. ಸೌತೆ ಏಳು, ಬದನೆ ನಾಲ್ಕು, ಉಳ್ಳಾಗಡ್ಡಿ ಸೊನ್ನೆ. ಕಿಟಕಿಯ ಗೂಡಿನ ಬಿಸಿಲು ಹ್ಯಾರಿಂಗ್ಟನ್ನರ ಮಾತು ಉಳಿಸಿತ್ತು.

ಹೊಲದಲ್ಲಿ ಇದೇ ತಪ್ಪು ಆದಾಗ ನಗುವ ವಿಷಯವಾಗಿರುವುದಿಲ್ಲ. ಮೊದಲ ಮಳೆ ನಂಬಿ ಹತ್ತಿ, ತೊಗರಿ ಬಿತ್ತಿ, ಆಮೇಲೆ ಎರಡು ಮೂರು ವಾರ ಆಕಾಶ ಬಾಯಿ ಮುಚ್ಚಿದರೆ ಮೊಳಕೆ ಕಮರುತ್ತದೆ. ಮರುಬಿತ್ತನೆಗೆ ಮತ್ತೆ ಬೀಜದ ಚೀಲ, ಮತ್ತೆ ಬಾಡಿಗೆ, ಮತ್ತೆ ಸಾಲ. ಹೈಬ್ರಿಡ್ ಬೀಜವನ್ನು ಬೆಳೆಯಿಂದ ತೆಗೆದಿಟ್ಟುಕೊಂಡರೆ ಮರುವರ್ಷ ಅದೇ ಗುಣ ಉಳಿಯದು. ಗೂಟಕ್ಕೆ ನೇತುಹಾಕುವ ವಿದ್ಯೆ ಅಲ್ಲಿ ನಡೆಯುವುದಿಲ್ಲ. ಹಿತ್ತಿಲಿನವನ ತಪ್ಪಿಗೆ ಸಂಡಿಗೆಯವರು ನಕ್ಕು ಬಿಡುತ್ತಾರೆ. ಹೊಲದವನ ತಪ್ಪಿಗೆ ಬಡ್ಡಿ ಇದೆ. ಆ ತಪ್ಪು ಮಳೆಯದು ಎಂದು ಬಡ್ಡಿಗೆ ತಿಳಿಯುವುದಿಲ್ಲ.

ಊರುವ ಹೊತ್ತು ತಿಳಿಯುವ ಖಚಿತ ವಿಧಾನವನ್ನು ಎದುರು ಮನೆಯ ಆಯಿ ತೋರಿಸಿದಳು. ಮಳೆ ನಿಂತ ಮರುದಿನ ಒಂದು ಗೇಣು ಅಗೆದು, ಅಲ್ಲಿಯ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ, ಎದೆಮಟ್ಟದಿಂದ ಬಿಡುವುದು. ಉಂಡೆ ಕಟ್ಟದಿದ್ದರೆ ಹಸಿ ಸಾಲದು. ಬಿದ್ದ ಉಂಡೆ ಹಾಗೇ ಕುಳಿತರೆ ಹಸಿ ಹೆಚ್ಚು. ಬಿದ್ದೊಡನೆ ಪುಡಿಯಾದರೆ ಹದ. ‘ಯಪ್ಪಾ, ಇರುವಿ ಕೇಳ್ತಿ, ಹಕ್ಕಿ ಕೇಳ್ತಿ, ಎತ್ತು ಕೇಳ್ತಿ. ಊರೂದು ನೆಲದಾಗ, ನೆಲಾ ಯಾಕ ಕೇಳಂಗಿಲ್ಲ?’ ಎಂದಳು. ಬೀಜವನ್ನು ಅದರ ದಪ್ಪದ ಎರಡು ಮೂರು ಪಟ್ಟು ಆಳಕ್ಕೆ ಊರಬೇಕು ಎಂದು ಪುಸ್ತಕಗಳು ಹೇಳುತ್ತವೆ. ಆಯಿಯ ಬೆರಳಗೆರೆಗಳಲ್ಲೂ ಅದೇ ಅಳತೆ ಇತ್ತು.

ಊರಲು ಬೀಜ ಇರಲಿಲ್ಲ. ಆಯಿಯ ತಗಡಿನ ಚಪ್ಪರದ ಒಣ ಬಳ್ಳಿಯಲ್ಲಿ ಹೋದ ವರ್ಷದ ಹೀರೆಕಾಯಿಗಳು ನೇತಾಡುತ್ತಿದ್ದವು. ಅಧ್ಯಯನಕಾರನ ಆರು ಬೀಜದ ಸಂತಾನ. ಒಂದನ್ನು ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿ, ಗಲಗಲ ಸದ್ದು ಕೇಳಿಸಿ ಕೊಟ್ಟಳು. ‘ಡಬ್ಯಾಗ ಇಡಬ್ಯಾಡ’ ಎಂದಷ್ಟೇ ಹೇಳಿದಳು. ಪಟ್ಟಿಯಲ್ಲಿ ‘ಬಾಕಿ’ ಹೊಡೆದುಹಾಕಿ ‘ಜಮಾ’ ಎಂದು ಬರೆಯಲಾಯಿತು. ಉಳಿದ ಎಂಟು ಮನೆಗಳಿಂದ ಬದನೆ, ಸಬ್ಬಸಗಿ, ಅವರೆ ಬಂದವು. ಚುಕ್ಕೆ ಇಟ್ಟಿದ್ದ ಮನೆಯಿಂದ ಒಂದು ಬಟ್ಟಲು ಬಿಳಿ ಎಳ್ಳು.

ಹೀರೆಕಾಯಿ 28 ಖಾನೆಗಳಲ್ಲಿ ಯಾವುದರಲ್ಲೂ ಹಿಡಿಯಲಿಲ್ಲ. ಬೇಕಾದಷ್ಟು ಬೀಜ ಉದುರಿಸಿಕೊಂಡ ಮೇಲೆ ಉಳಿದದ್ದು ಒಲೆಯ ಮೇಲಿನ ಗೂಟದಲ್ಲಿದೆ. ಡಬ್ಬಿ ಮನೆಯಾಕೆಯ ಕೈ ಸೇರಿ ಅದನ್ನು ಮಾಡಿದ ಉದ್ದೇಶಕ್ಕೇ ಬಳಕೆಯಾಗುತ್ತಿದೆ. ಚೀಟಿಗಳನ್ನು ಯಾರೂ ಕಿತ್ತಿಲ್ಲ. ಸೂಜಿ ಆರಿದ್ರದಲ್ಲಿ, ಅಂಗಿಗುಂಡಿ ಮಘೆಯಲ್ಲಿ, ಸೇಫ್ಟಿ ಪಿನ್ನು ಸ್ವಾತಿಯಲ್ಲಿ ಸಿಗುತ್ತವೆ.